ಬೆಟ್ಟದ ಎತ್ತರ ಎಷ್ಟು? ಲೇಸರ್ ಸಮೀಕ್ಷೆಯ ಅಳತೆಯೂ ವರ್ಗೀಕರಣವೂ

ಮಂಡಿಕಲ್: ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಸುತ್ತಮುತ್ತ ಕಣ್ಣು ಹಾಯಿಸಿದತ್ತ ಬಂಡೆಗಲ್ಲಿನ ಬೆಟ್ಟಗುಡ್ಡಗಳೇ ಕಾಣುತ್ತವೆ. ಜಿಲ್ಲೆಯ ನಂದಿಬೆಟ್ಟದ ಎತ್ತರ 1,478 ಮೀಟರ್ ಎಂಬುದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಊರ ಹಿಂದಿನ ಚಿಕ್ಕ ಗುಡ್ಡದ ಎತ್ತರವೆಷ್ಟು, ಅದು ಬೆಟ್ಟವೆಂದು ಲೆಕ್ಕಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಕಲ್ಲುಗಣಿಗಾರಿಕೆ ನಡೆಯುತ್ತಿರುವ ಈ ಜಿಲ್ಲೆಯಲ್ಲಿ ಇದು ಬರೀ ಭೂಗೋಳದ ಕುತೂಹಲವಲ್ಲ.

ಸರಪಳಿಯಿಂದ ಲೇಸರ್‌ವರೆಗೆ

ದೇಶದ ವೈಜ್ಞಾನಿಕ ಭೂಮಾಪನಕ್ಕೆ ನಮ್ಮ ಸೀಮೆಯೊಂದಿಗೆ ಹಳೆಯ ನಂಟಿದೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಿಡಿದು ಆಧಾರ ರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸಮೀಕ್ಷೆ ಆರಂಭವಾಯಿತು. ಬೆಟ್ಟದ ತುದಿಯಿಂದ ಇನ್ನೊಂದು ಬೆಟ್ಟದ ತುದಿಯನ್ನು ಥಿಯೊಡೊಲೈಟ್ ಯಂತ್ರದಲ್ಲಿ ನೋಡಿ, ಕೋನಗಳ ಲೆಕ್ಕದಿಂದ ಎತ್ತರವನ್ನು ಕಂಡುಹಿಡಿಯುವುದು ಆ ಕಾಲದ ಕ್ರಮ. ಪ್ರಮುಖ ಶಿಖರಗಳಿಗೆ ಅಂಕಿ ದೊರೆತದ್ದು ಹೀಗೆ. ಚಿಕ್ಕ ಗುಡ್ಡಗಳಿಗೆ ನಕ್ಷೆಯ ಸಮೋನ್ನತಿ ರೇಖೆಗಳೇ ಗತಿಯಾದವು.

2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಎಂಡೆವರ್ ರೇಡಾರ್ ಮೂಲಕ ಭೂಮಿಯ ಬಹುಭಾಗದ ಎತ್ತರವನ್ನು ದಾಖಲಿಸಿತು. ಈ ಮಾಹಿತಿ ಇಂದು ಎಲ್ಲರಿಗೂ ಉಚಿತವಾಗಿ ಲಭ್ಯ. ಆದರೆ ಅದರಲ್ಲಿ ಸುಮಾರು 30 ಮೀಟರ್ ಚೌಕದ ಜಾಗಕ್ಕೆ ಒಂದೇ ಅಂಕಿ. ಚೂಪಾದ ಬಂಡೆಯ ತುದಿ ಸುತ್ತಲಿನ ಇಳಿಜಾರಿನೊಡನೆ ಬೆರೆತು, ಶಿಖರ ಇರುವುದಕ್ಕಿಂತ ಗಿಡ್ಡವಾಗಿ ಕಾಣುತ್ತದೆ.

ಕೆಲಸ ಮಾಡುವ ಬಗೆ

ಲೇಸರ್ ಸಮೀಕ್ಷೆ ಅಥವಾ ಲಿಡಾರ್ ಈ ಕೊರತೆಯನ್ನು ನೀಗುತ್ತದೆ. ವಿಮಾನ ಅಥವಾ ಡ್ರೋನ್‌ನಲ್ಲಿರುವ ಉಪಕರಣ ಪ್ರತಿ ಸೆಕೆಂಡಿಗೆ ಲಕ್ಷಾಂತರ ಬೆಳಕಿನ ಮಿಡಿತಗಳನ್ನು ನೆಲದತ್ತ ಕಳುಹಿಸುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಆದ್ದರಿಂದ, ಮಿಡಿತ ಹೋಗಿಬರಲು ಹಿಡಿದ ಕಾಲದಿಂದ ದೂರ ತಿಳಿಯುತ್ತದೆ. ವಿಮಾನದ ಸ್ಥಾನ ಮತ್ತು ಓಲಾಟವನ್ನು ಜಿಪಿಎಸ್ ಹಾಗೂ ಜಡತ್ವ ಮಾಪಕಗಳು ಅದೇ ಕ್ಷಣದಲ್ಲಿ ದಾಖಲಿಸುತ್ತವೆ. ಹೀಗೆ ದೊರೆಯುವ ಕೋಟ್ಯಂತರ ಬಿಂದುಗಳಲ್ಲಿ ಮರದ ಎಲೆಗೆ ತಗುಲಿದವು, ಕಟ್ಟಡಕ್ಕೆ ತಗುಲಿದವು, ನೆಲ ಮುಟ್ಟಿದವು ಎಂದು ಬೇರ್ಪಡಿಸಬೇಕು. ಒಳ್ಳೆಯ ಸಮೀಕ್ಷೆಯಲ್ಲಿ ಬಯಲು ನೆಲದ ಎತ್ತರದ ದೋಷ 10-15 ಸೆಂಟಿಮೀಟರಿಗೆ ಸೀಮಿತವಾಗಿರುತ್ತದೆ.

ಆದರೂ ಎಚ್ಚರ ಅಗತ್ಯ. ನೆಲವನ್ನು ಬೇರ್ಪಡಿಸುವ ಗಣಕ ಕ್ರಮವಿಧಿಯು ತುದಿಯಲ್ಲಿರುವ ಕಡಿದಾದ ಹೆಬ್ಬಂಡೆಯನ್ನು ಕಟ್ಟಡವೆಂದು ಭ್ರಮಿಸಿ ತೆಗೆದುಹಾಕಬಹುದು. ಆವುಲಬೆಟ್ಟದಲ್ಲಿರುವಂತಹ, ಪ್ರಪಾತದತ್ತ ಮುಂಚಾಚಿದ ಬಂಡೆಯ ಕೆಳಗೇನಿದೆ ಎಂಬುದು ಮೇಲಿನಿಂದ ಬರುವ ಮಿಡಿತಕ್ಕೆ ಕಾಣದು. ಇನ್ನೊಂದು ತೊಡಕೆಂದರೆ, ಜಿಪಿಎಸ್ ಮೂಲತಃ ನೀಡುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ. ಬೆಂಗಳೂರು ಸೀಮೆಯಲ್ಲಿ ಇವೆರಡರ ನಡುವೆ 80 ಮೀಟರಿಗೂ ಹೆಚ್ಚಿನ ಅಂತರವಿದೆ. ಇದನ್ನು ಸರಿಪಡಿಸದೆ ಪ್ರಕಟಿಸುವ ಅಂಕಿ ದಾರಿ ತಪ್ಪಿಸುತ್ತದೆ.

ವರ್ಗೀಕರಣದ ಅಳತೆಗೋಲು

ಬೆಟ್ಟವನ್ನು ಅಳೆಯಲು ಮುಖ್ಯವಾಗಿ ಮೂರು ಅಳತೆಗೋಲುಗಳಿವೆ. ಮೊದಲನೆಯದು ಸಮುದ್ರಮಟ್ಟದಿಂದ ಎತ್ತರ. ಎರಡನೆಯದು ಸುತ್ತಲಿನ ನೆಲದಿಂದ ಎತ್ತರ. ಚಿಕ್ಕಬಳ್ಳಾಪುರ ಪಟ್ಟಣವೇ ಸುಮಾರು 915 ಮೀಟರ್ ಎತ್ತರದಲ್ಲಿರುವುದರಿಂದ, ಅಲ್ಲಿಂದ ನೋಡುವವರಿಗೆ ನಂದಿಬೆಟ್ಟದ ಏರು ಸುಮಾರು 560 ಮೀಟರ್ ಮಾತ್ರ. ಮೂರನೆಯದು, ಒಂದು ಶಿಖರದಿಂದ ಅದಕ್ಕಿಂತ ಎತ್ತರದ ಇನ್ನೊಂದು ಶಿಖರಕ್ಕೆ ಹೋಗಲು ಕನಿಷ್ಠ ಎಷ್ಟು ಕೆಳಗೆ ಇಳಿಯಬೇಕು ಎಂಬುದು. ಅದು ಸ್ವತಂತ್ರ ಬೆಟ್ಟವೋ ಪಕ್ಕದ ಬೆಟ್ಟದ ಕೊಂಬೋ ಎಂಬುದು ಇದರಿಂದ ನಿರ್ಧಾರವಾಗುತ್ತದೆ.

ಯಾವ ಅಳತೆಗೋಲನ್ನು ಆರಿಸುತ್ತೇವೆ ಎಂಬುದರ ಪರಿಣಾಮ ದೊಡ್ಡದು. ಅರಾವಳಿ ಸೀಮೆಯಲ್ಲಿ ನೆಲಮಟ್ಟದಿಂದ 100 ಮೀಟರ್ ಅಥವಾ ಹೆಚ್ಚು ಎತ್ತರವಿರುವುದನ್ನು ಮಾತ್ರ ಅರಾವಳಿ ಬೆಟ್ಟವೆಂದು ಪರಿಗಣಿಸುವ ವ್ಯಾಖ್ಯೆಯನ್ನು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಅಂಗೀಕರಿಸಿತು. ಚಿಕ್ಕ ಗುಡ್ಡಗಳು ಗಣಿಗಾರಿಕೆಗೆ ತೆರೆದುಕೊಳ್ಳುತ್ತವೆ ಎಂಬ ವಿರೋಧ ವ್ಯಕ್ತವಾದ ಬಳಿಕ, ಡಿಸೆಂಬರ್ ಕೊನೆಯಲ್ಲಿ ನ್ಯಾಯಾಲಯವೇ ಅದನ್ನು ತಡೆಹಿಡಿಯಿತು. ಅಂಥ ಮಿತಿ ನಮ್ಮಲ್ಲಿ ಬಂದರೆ ಊರೂರಿನ ಗುಡ್ಡಗಳ ಗತಿಯೇನು ಎಂಬ ಪ್ರಶ್ನೆ ಸಹಜ.

ಕರಗುವ ಬೆಟ್ಟದ ಲೆಕ್ಕ

2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಮೃತಪಟ್ಟಾಗ ಜಿಲ್ಲೆಯ ಕಲ್ಲುಗಣಿಗಾರಿಕೆ ನಾಡಿನ ಗಮನ ಸೆಳೆದಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೊಡ್ಡ ಗಣಿಗಳಿಗೆ ವಾರ್ಷಿಕ ಡ್ರೋನ್ ಸಮೀಕ್ಷೆಯನ್ನು ಕಡ್ಡಾಯಗೊಳಿಸಿತು. ಆದರೆ ಕಟ್ಟಡ ಕಲ್ಲು ಉಪಖನಿಜವಾದ್ದರಿಂದ ಆ ನಿಯಮ ಅದಕ್ಕೆ ಅನ್ವಯಿಸದು.

ಲೆಕ್ಕ ಸರಳ. ಒಂದು ಹೆಕ್ಟೇರ್ ಬಂಡೆಯನ್ನು ಒಂದು ಮೀಟರ್ ಆಳ ತೆಗೆದರೆ 10,000 ಘನ ಮೀಟರ್, ಅಂದರೆ ಸುಮಾರು 26,000 ಟನ್ ಕಲ್ಲು ಹೋದಂತೆ. ಎರಡು ಲೇಸರ್ ಸಮೀಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. 30 ಮೀಟರ್ ಚೌಕದ ಹಳೆಯ ಮಾಹಿತಿಯಲ್ಲಿ ಅದು ಅಳತೆಯ ದೋಷದೊಳಗೇ ಮುಚ್ಚಿಹೋಗುತ್ತದೆ.

2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯು 2030ರೊಳಗೆ ದೇಶಕ್ಕೆಲ್ಲ ನಿಖರವಾದ ಎತ್ತರದ ಮಾದರಿಯನ್ನು ಸಿದ್ಧಪಡಿಸುವ ಗುರಿ ಹೊಂದಿದೆ. ಬಯಲಿಗೆ 25 ಸೆಂಟಿಮೀಟರ್, ಗುಡ್ಡಗಾಡಿಗೆ 1ರಿಂದ 3 ಮೀಟರ್ ಎಂಬುದು ಅದರ ಮಟ್ಟ. ಇಲ್ಲಿಯ ಗುಡ್ಡಗಳಿಗೆ ಇದಕ್ಕಿಂತ ಸೂಕ್ಷ್ಮವಾದ ಅಳತೆಯೇ ಬೇಕು. ಬೆಟ್ಟ ಇದ್ದಾಗ ಮಾಡಿದ ಅಳತೆ ಮಾತ್ರ ಅದು ಹೋದ ಮೇಲೆ ಸಾಕ್ಷಿಯಾಗಬಲ್ಲದು. ಮೊದಲ ಸಮೀಕ್ಷೆ ತಡವಾದಷ್ಟೂ ಕಳೆದುಹೋದ ಕಲ್ಲಿಗೆ ಲೆಕ್ಕ ಸಿಗುವುದಿಲ್ಲ.