ಶೆಲ್ ಕಮಾಂಡ್‌ಗಳ ಹೆಸರಿನ ಘರ್ಷಣೆ

ಯುನಿಕ್ಸ್ ಮತ್ತು ಲಿನಕ್ಸ್‌ಗಳಲ್ಲಿ ಒಂದೇ ಹೆಸರಿನ ಕಮಾಂಡ್ ಶೆಲ್‌ನ ಒಳಗೂ, ಡಿಸ್ಕ್‌ನಲ್ಲಿ ಪ್ರತ್ಯೇಕ ಪ್ರೋಗ್ರಾಂ ಆಗಿಯೂ ಇರುವುದರಿಂದ ಹುಟ್ಟುವ ತೊಡಕು. ಎಕೋ, ಪ್ರಿಂಟ್ಎಫ್, ಟೆಸ್ಟ್, ಕಿಲ್ ಇಂಥ ಜೋಡಿ ಹೆಸರುಗಳು. ಇಲ್ಲಿನ ವಿವರಣೆ ಮುಖ್ಯವಾಗಿ ಬ್ಯಾಶ್‌ಗೆ ಸಂಬಂಧಿಸಿದ್ದು. ಬ್ರಯಾನ್ ಫಾಕ್ಸ್ ಜಿಎನ್‌ಯು ಯೋಜನೆಗಾಗಿ ಬರೆದ ಈ ಶೆಲ್ 1989ರಲ್ಲಿ ಬಿಡುಗಡೆಯಾಯಿತು.

ಕೆಲವು ಕಮಾಂಡ್‌ಗಳು ಶೆಲ್‌ನೊಳಗೆ ಇರಲೇಬೇಕು. ಸದ್ಯದ ಡೈರೆಕ್ಟರಿ ಎಂಬುದು ಆಯಾ ಪ್ರೊಸೆಸ್‌ಗೆ ಸೇರಿದ್ದು. ಡೈರೆಕ್ಟರಿ ಬದಲಿಸುವ ಸಿಡಿ ಹೊರಗಿನ ಪ್ರೋಗ್ರಾಂ ಆಗಿದ್ದರೆ ತನ್ನ ಡೈರೆಕ್ಟರಿಯನ್ನಷ್ಟೇ ಬದಲಿಸಿಕೊಂಡು ಮುಗಿದುಹೋಗುತ್ತಿತ್ತು, ಶೆಲ್ ಇದ್ದಲ್ಲೇ ಇರುತ್ತಿತ್ತು. ‘ಸುಡೊ ಸಿಡಿ’ ಎಂದು ಟೈಪ್ ಮಾಡಿ ಪ್ರಯೋಜನವಿಲ್ಲದಿರುವುದೂ ಇದೇ ಕಾರಣಕ್ಕೆ. ಎಕೋದಂಥವು ಒಳಗಿರುವುದು ವೇಗಕ್ಕಾಗಿ: ಪ್ರತಿ ಸಲವೂ ಹೊಸ ಪ್ರೊಸೆಸ್ ಹುಟ್ಟಿಸುವ ಖರ್ಚು ಉಳಿಯುತ್ತದೆ.

ಟೈಪ್ ಮಾಡಿದ ಹೆಸರನ್ನು ಬ್ಯಾಶ್ ಸಾಮಾನ್ಯವಾಗಿ ಮೊದಲು ಅಲಿಯಾಸ್‌ಗಳಲ್ಲಿ, ನಂತರ ಫಂಕ್ಷನ್‌ಗಳಲ್ಲಿ, ಆಮೇಲೆ ಅಂತರ್ಗತ ಕಮಾಂಡ್‌ಗಳಲ್ಲಿ, ಕೊನೆಗೆ ಪಾಥ್ ಎಂಬ ಪಟ್ಟಿಯಲ್ಲಿರುವ ಡೈರೆಕ್ಟರಿಗಳಲ್ಲಿ ಹುಡುಕುತ್ತದೆ. ಹೀಗಾಗಿ ‘ಎಕೋ --ವರ್ಶನ್’ ಎಂದರೆ ಬ್ಯಾಶ್ ಆ ಅಕ್ಷರಗಳನ್ನೇ ಪರದೆಗೆ ಒಪ್ಪಿಸುತ್ತದೆ. ಲಿನಕ್ಸ್‌ನಲ್ಲಿ ‘/ಬಿನ್/ಎಕೋ --ವರ್ಶನ್’ ಎಂದರೆ ಆವೃತ್ತಿಯ ವಿವರ ಬರುತ್ತದೆ. ‘ಮ್ಯಾನ್ ಎಕೋ’ ತೆರೆಯುವುದು ಹೊರಗಿನದರ ಕೈಪಿಡಿ, ಒಳಗಿನದಕ್ಕೆ ‘ಹೆಲ್ಪ್ ಎಕೋ’. ಕೈಪಿಡಿ ಓದಿಯೂ ಹೊಸಬರು ತಬ್ಬಿಬ್ಬಾದರೆ ತಪ್ಪು ಅವರದಲ್ಲ.

ಯಾವುದು ಓಡುತ್ತಿದೆ ಎಂದು ತಿಳಿಯಲು ‘ಟೈಪ್ -ಎ’ ಬಳಸಬೇಕು. ಅದು ಎಲ್ಲವನ್ನೂ ಆದ್ಯತೆಯ ಕ್ರಮದಲ್ಲಿ ತೋರಿಸುತ್ತದೆ. ‘ವಿಚ್’ ಅನ್ನು ನಂಬುವಂತಿಲ್ಲ, ಏಕೆಂದರೆ ಬ್ಯಾಶ್ ಬಳಸುವವರಿಗೆ ಅದೇ ಹೊರಗಿನ ಪ್ರೋಗ್ರಾಂ. ಶೆಲ್‌ನ ಒಳಗು ಅದಕ್ಕೆ ಗೊತ್ತಿಲ್ಲ.

ಹೊರಗಿನದೇ ಬೇಕಿದ್ದರೆ ಪೂರ್ಣ ಪಾಥ್ ಕೊಡುವುದು ನೇರ ದಾರಿ. ಹೆಸರಿಗೆ ಮೊದಲು ‘ಎನ್ವ್’ ಸೇರಿಸಿದರೂ ಆದೀತು. ‘ಎನೇಬಲ್ -ಎನ್’ ಅಂತರ್ಗತ ಕಮಾಂಡನ್ನು ಆ ಸೆಷನ್ ಮಟ್ಟಿಗೆ ಬದಿಗಿಡುತ್ತದೆ. ‘ಕಮಾಂಡ್’ ಎಂಬುದರ ಬಗ್ಗೆ ತಪ್ಪುಕಲ್ಪನೆ ಹೆಚ್ಚು: ಅದು ಫಂಕ್ಷನ್‌ಗಳನ್ನು ದಾಟುತ್ತದೆಯೇ ಹೊರತು ಅಂತರ್ಗತ ಕಮಾಂಡ್‌ಗಳನ್ನಲ್ಲ. ಸಿಡಿ ಹೆಸರಿನಲ್ಲೇ ಸ್ವಂತ ಫಂಕ್ಷನ್ ಬರೆಯುವವರು ಅದರೊಳಗೆ ‘ಬಿಲ್ಟಿನ್ ಸಿಡಿ’ ಎನ್ನದೆ ಬರೀ ‘ಸಿಡಿ’ ಎಂದರೆ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತ ಹೋಗುತ್ತದೆ. ಟೈಮ್ ಇನ್ನೂ ವಿಚಿತ್ರ. ಬ್ಯಾಶ್‌ನಲ್ಲಿ ಅದು ಕಾಯ್ದಿರಿಸಿದ ಪದ. ಜಿಎನ್‌ಯು ಟೈಮ್‌ನ ‘-ವಿ’ ಆಯ್ಕೆ ಬೇಕಿದ್ದವರು ಹೆಸರಿಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಬೇಕು.

ಸ್ಕ್ರಿಪ್ಟ್‌ಗಳಲ್ಲಿ ಪೆಟ್ಟು ಜೋರು. 2006ರಲ್ಲಿ ಉಬುಂಟು 6.10 ‘/ಬಿನ್/ಎಸ್ಎಚ್’ ಸ್ಥಾನಕ್ಕೆ ಡ್ಯಾಶ್ ಎಂಬ ಬೇರೊಂದು ಶೆಲ್ ತಂದಿತು. ಡ್ಯಾಶ್‌ನ ಎಕೋ ‘-ಇ’ ಅನ್ನು ಆಯ್ಕೆ ಎಂದು ಗುರುತಿಸದೆ ಹಾಗೆಯೇ ಮುದ್ರಿಸುವುದರಿಂದ, ಬ್ಯಾಶ್‌ನ ಅಭ್ಯಾಸದಲ್ಲಿ ಬರೆದ ಸ್ಕ್ರಿಪ್ಟ್‌ಗಳ ಫಲಿತಾಂಶ ಕೆಟ್ಟಿತು. ಬೇರೆ ಬೇರೆ ಶೆಲ್‌ಗಳಲ್ಲಿ ಓಡಬೇಕಾದ ಕಡೆ ಎಕೋ ಬಿಟ್ಟು ಪ್ರಿಂಟ್ಎಫ್ ಬಳಸುವುದೇ ವಾಸಿ.