ಹಳೆಯ ಹಚ್ಚೆ, ಹೊಸ ಹುಬ್ಬು

ಶಿವಮೊಗ್ಗದಿಂದ ತೀರ್ಥಹಳ್ಳಿಯತ್ತ ಹೊರಟರೆ ತುಂಗಾ ಅಣೆಕಟ್ಟೆಯ ಗಾಜನೂರು ಸಿಗುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ, ಆಚೆಯ ಬಯಲುನಾಡಿನಲ್ಲಿ, ವಯಸ್ಸಾದ ಹೆಂಗಸರ ಮುಂಗೈ, ಗಲ್ಲ, ಹುಬ್ಬುಗಳ ನಡುವೆ ಹಸಿರು ಗುರುತುಗಳು ಇನ್ನೂ ಕಾಣಸಿಗುತ್ತವೆ. ಅದು ಹಚ್ಚೆ. ಒಡವೆ-ವಸ್ತ್ರ ಇಲ್ಲೇ ಉಳಿಯುತ್ತದೆ, ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆ ನಮ್ಮ ಜನರಲ್ಲಿತ್ತು. ಇಂದು ನಗರಗಳಲ್ಲಿ ಕೂದಲು ಉದುರಿದವರಿಗೆ ಹುಬ್ಬು ಬರೆದುಕೊಡುವ ‘ಪರ್ಮನೆಂಟ್ ಮೇಕಪ್’ ಈ ಹಳೆಯ ಕಸುಬಿನದೇ ಹೊಸ ಕವಲು.

‘ಪಚ್ಚೆ’ ಎಂದರೆ ಹಸಿರು. ಪಕಾರ ಹಕಾರವಾಗಿ ಅದು ‘ಹಚ್ಚೆ’ ಆಯಿತು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ ಸೂಜಿಯಿಂದ ಚರ್ಮದೊಳಕ್ಕೆ ಇಳಿಸುತ್ತಿದ್ದವರು ಹೆಚ್ಚಾಗಿ ಊರೂರು ಅಲೆಯುತ್ತಿದ್ದ ಕೊರಮ, ಕೊರಚ ಹೆಂಗಸರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೂ ಈ ಕಸುಬಿನ ಪ್ರಸ್ತಾಪವಿದೆ. ನೋವು ಮರೆಸಲು ಅವರು ಹಾಡು ಹೇಳುತ್ತಿದ್ದರು. ಕೂಲಿಯಾಗಿ ಕಾಳುಕಡಿ, ಹಳೆಯ ಸೀರೆ ಪಡೆಯುತ್ತಿದ್ದರು. ಕಾಡಿಗೆ ಕಪ್ಪಾದರೂ ಗುರುತು ಹಸಿರು-ನೀಲಿಯಾಗಿ ಕಾಣುವುದೇಕೆ? ಕಪ್ಪು ಬಣ್ಣ ಚರ್ಮದ ಆಳದಲ್ಲಿ ಕುಳಿತಾಗ, ಬೆಳಕಿನ ನೀಲಿಯ ಅಂಶವೇ ಹೆಚ್ಚಾಗಿ ಚದುರಿ ಕಣ್ಣಿಗೆ ಮರಳುತ್ತದೆ.

ಇನ್ನು ಕೂದಲಿನ ಮಾತು. ತಿರುಪತಿಯಲ್ಲಿ ತಾನಾಗಿ ಮುಡಿ ಕೊಟ್ಟರೆ ಅದು ಹರಕೆ. ಬಲವಂತವಾಗಿ ತೆಗೆಸಿದರೆ ಶಿಕ್ಷೆ. ಗಂಡ ಸತ್ತ ಹೆಣ್ಣಿನ ತಲೆ ಬೋಳಿಸುತ್ತಿದ್ದ ಮಲೆನಾಡಿನ ಬ್ರಾಹ್ಮಣ ಮನೆಗಳ ಕಥೆಯನ್ನು ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ‘ಫಣಿಯಮ್ಮ’ (1976) ಕಾದಂಬರಿಯಲ್ಲಿ ಹೇಳಿದರು. ಆ ಪದ್ಧತಿ ಹೋಯಿತು. ಬೋಳುತಲೆಯ ಹೆಣ್ಣನ್ನು ನೋಡುವ ಕಣ್ಣು ಪೂರ್ತಿ ಬದಲಾಗಿಲ್ಲ. ಕಾಯಿಲೆಯಿಂದ ಕೂದಲು ಕಳೆದುಕೊಂಡವಳು ಮದುವೆ ಮನೆಗೆ ಹೋಗಲು ಹಿಂಜರಿಯುವುದು ಈ ಕಣ್ಣಿಗೆ ಹೆದರಿಯೇ.

ಆಯುರ್ವೇದ ‘ಇಂದ್ರಲುಪ್ತ’ ಎಂದು ಕರೆದ ಕೂದಲುದುರುವ ರೋಗವನ್ನು ಇಂದಿನ ವೈದ್ಯರು ‘ಅಲೊಪೇಶಿಯಾ ಏರಿಯೇಟಾ’ಕ್ಕೆ ಹೋಲಿಸುತ್ತಾರೆ. ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡದ ಮೇಲೆ ತಿರುಗಿಬೀಳುವುದರಿಂದ ಬರುವ ತೊಂದರೆಯಿದು, ಅಂಟುರೋಗವಲ್ಲ. ಕ್ಯಾನ್ಸರಿಗೆ ಕೊಡುವ ಹಲವು ಔಷಧಿಗಳಿಂದಲೂ ಕೂದಲು ಉದುರುತ್ತದೆ. ತಲೆಯನ್ನು ಸೆರಗು ಮರೆಸೀತು, ಹುಬ್ಬನ್ನು ಮರೆಸುವುದು ಯಾವುದು? ಅಮೆರಿಕದ ಎಂ.ಐ.ಟಿ.ಯ ಪವನ್ ಸಿನ್ಹಾ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪ್ರಸಿದ್ಧರ ಚಿತ್ರಗಳಲ್ಲಿ ಕಣ್ಣು ಅಳಿಸಿದಾಗಿಗಿಂತ ಹುಬ್ಬು ಅಳಿಸಿದಾಗ ಗುರುತು ಹಿಡಿಯುವುದು ಜನರಿಗೆ ಹೆಚ್ಚು ಕಷ್ಟವಾಯಿತು. ಹುಬ್ಬು ಹೋದವರು ‘ಕನ್ನಡಿಯಲ್ಲಿ ನಾನೇ ಇಲ್ಲ’ ಎಂದು ಕೊರಗುವುದು ಬರಿಯ ಭ್ರಮೆಯಲ್ಲ.

ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ’ರೈಲಿ 1891ರಲ್ಲಿ ವಿದ್ಯುತ್ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. 1984ರಲ್ಲಿ ಅಮೆರಿಕದ ನೇತ್ರವೈದ್ಯ ಗಿಯೋರಾ ಆಂಗ್ರೆಸ್ ರೆಪ್ಪೆಯಂಚಿಗೆ ಬಣ್ಣ ತುಂಬುವ ವಿಧಾನವನ್ನು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. ಮುಂದೆ ಹುಬ್ಬಿನ ಕೂದಲನ್ನು ಎಳೆಎಳೆಯಾಗಿ ಬರೆಯುವುದು, ಬೋಳುತಲೆಯ ಮೇಲೆ ಸಣ್ಣ ಚುಕ್ಕೆಗಳಿಟ್ಟು ಆಗತಾನೆ ಕ್ಷೌರ ಮಾಡಿದಂತೆ ತೋರಿಸುವುದು ರೂಢಿಗೆ ಬಂದವು. ಕಾಡಿಗೆಯ ಜಾಗದಲ್ಲಿ ಕಬ್ಬಿಣದ ಆಕ್ಸೈಡಿನಂಥ ಕಂದು ಬಣ್ಣಗಳು ಬಂದವು.

ಹೆಸರು ‘ಪರ್ಮನೆಂಟ್’ ಆದರೂ ಇದು ಅಜ್ಜಿಯ ಹಚ್ಚೆಯಷ್ಟು ಗಟ್ಟಿಯಲ್ಲ. ಬಣ್ಣವನ್ನು ಹೆಚ್ಚು ಆಳಕ್ಕೆ ಇಳಿಸದ ಕಾರಣ ಕೆಲವು ವರ್ಷಗಳಲ್ಲಿ ಮಾಸುತ್ತದೆ, ಕೆಲವೊಮ್ಮೆ ಕೆಂಪಿಗೆ ತಿರುಗುತ್ತದೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್-ಬಿ ತರಹದ ಸೋಂಕು ಹರಡಬಹುದು. ಹೊಸ ಸೂಜಿಯನ್ನು ಎದುರಿಗೇ ಒಡೆಸಿ ನೋಡುವುದು ಸಂಕೋಚದ ವಿಷಯವಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಚುಚ್ಚಿಸಿಕೊಳ್ಳಬಾರದು. ಅನೇಕರಿಗೆ ಕೂದಲು ತಾನಾಗಿ ಮರಳಿ ಬರುವುದೂ ಉಂಟು. ಆದ್ದರಿಂದ ಅವಸರ ಸಲ್ಲದು.

ಶಾಲೆ ಕಲಿತ ಮಕ್ಕಳು ಹಳ್ಳಿಯ ಗುರುತೆಂದು ನಾಚಿ ಹಚ್ಚೆಯನ್ನು ಕೈಬಿಟ್ಟ ಕಾಲವೊಂದಿತ್ತು. ಈಗ ಅದೇ ಸೂಜಿ, ನಾಚಿ ಮನೆಯೊಳಗೆ ಕುಳಿತವರನ್ನು ಬೀದಿಗೆ ಕರೆತರುತ್ತಿದೆ. ಅದು ರೋಗವನ್ನು ವಾಸಿ ಮಾಡುವುದಿಲ್ಲ, ಒಂದು ಕೂದಲನ್ನೂ ಬೆಳೆಸುವುದಿಲ್ಲ. ಬೆವರಿಗೂ ಮಳೆಗೂ ಅಳಿಸದ ಹುಬ್ಬೊಂದನ್ನು ಮಾತ್ರ ಕೊಡುತ್ತದೆ. ಜನರ ನಡುವೆ ತಲೆಯೆತ್ತಿ ಕೂರಲು ಕೆಲವರಿಗೆ ಬೇಕಾದದ್ದು ಅಷ್ಟೇ.