ದುರಸ್ತಿಗೆ ಕೊಡುವುದು ಯಂತ್ರವನ್ನೋ, ಮನೆಯ ಬೀಗದ ಕೈಯನ್ನೋ?

ಹಿಂದೆ ನಾವು ರೇಡಿಯೋವನ್ನೋ ಕೈಗಡಿಯಾರವನ್ನೋ ದುರಸ್ತಿಗೆ ಕೊಟ್ಟು ನಿಶ್ಚಿಂತರಾಗಿ ಮನೆಗೆ ಬರುತ್ತಿದ್ದೆವು. ಅವುಗಳ ಹೊಟ್ಟೆಯಲ್ಲಿ ನಮ್ಮ ಗುಟ್ಟೇನೂ ಇರಲಿಲ್ಲ. ಇಂದಿನ ಮೊಬೈಲಿನಲ್ಲಾದರೋ ಊರಿನಲ್ಲಿರುವ ತಾಯಿಯ ದನಿ, ಮಕ್ಕಳ ಚಿತ್ರ, ಬ್ಯಾಂಕಿನ ವ್ಯವಹಾರ ಎಲ್ಲವೂ ಇವೆ. ವಾರಂಟಿಯಿದ್ದರೆ ದುರಸ್ತಿ ಪುಕ್ಕಟೆ, ನಿಜ. ಜೊತೆಗೆ ಪಾಸ್‌ವರ್ಡನ್ನೂ ಬರೆದುಕೊಟ್ಟರೆ?

ಇದು ಬರಿಯ ಅಂಜಿಕೆಯಲ್ಲ. ಹಾಂಗ್‌ಕಾಂಗ್‌ನ ನಟನೊಬ್ಬ ದುರಸ್ತಿಗೆ ಕೊಟ್ಟಿದ್ದ ಲ್ಯಾಪ್‌ಟಾಪಿನಿಂದ ಕದ್ದ ಖಾಸಗಿ ಚಿತ್ರಗಳು 2008ರಲ್ಲಿ ಎಲ್ಲೆಡೆ ಹರಡಿದವು. ಮರುವರ್ಷ ಕಂಪ್ಯೂಟರ್ ಕೆಲಸಗಾರನಿಗೆ ಸೆರೆವಾಸವಾಯಿತು. ಹರಡಿದ ಚಿತ್ರಗಳನ್ನು ಮಾತ್ರ ಹಿಂದಕ್ಕೆ ಪಡೆಯಲಾಗಲಿಲ್ಲ.

ನಮ್ಮಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಆಧಾರ್ ವಿಚಾರವಾಗಿ ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆ.

ತಯಾರಕರೂ ಎಚ್ಚೆತ್ತರು. 2022ರಲ್ಲಿ ಸ್ಯಾಮ್‌ಸಂಗ್ ಮೊದಲು ಕೊರಿಯಾದಲ್ಲಿ, 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್‌ನಲ್ಲಿ ‘ರಿಪೇರಿ ಮೋಡ್’ ತಂದವು. ಅದನ್ನು ಹಾಕಿಕೊಟ್ಟರೆ ದುರಸ್ತಿಗಾರನಿಗೆ ಯಂತ್ರ ತೆರೆದುಕೊಳ್ಳುತ್ತದೆ, ನಮ್ಮ ಮನೆ ತೆರೆದುಕೊಳ್ಳುವುದಿಲ್ಲ. ಆ ಸೌಕರ್ಯವಿಲ್ಲದವರು ಎಲ್ಲದರ ಪ್ರತಿ ತೆಗೆದಿಟ್ಟು, ಅಳಿಸಿ ಕೊಡುವುದು ಲೇಸು. ಪರದೆಯೇ ಕೆಟ್ಟು ಅಳಿಸಲಾಗದಿದ್ದರೆ, ಪಾಸ್‌ವರ್ಡನ್ನಾದರೂ ನಮ್ಮಲ್ಲೇ ಉಳಿಸಿಕೊಳ್ಳೋಣ. ವಾರಂಟಿಯ ಅವಧಿ ಮುಗಿಯುತ್ತದೆ. ಮನೆಯ ಮಾನಕ್ಕೆ ಅವಧಿಯಿಲ್ಲ.